ಆರಿಸಿದ ಮೇಲೂ ಬಿಡದ ಕುಕ್ಕರ್

ಬೆಳಗಿನ ಆರೂ ಇಪ್ಪತ್ತು. ನಡುಮನೆಯ ಗಡಿಯಾರ ನೋಡಿಕೊಂಡೇ ಅಡುಗೆಮನೆಯ ಕಡೆ ಹೊರಟಿದ್ದೆ. ಬಸ್ಸು ತಪ್ಪಿದರೆ ಯಶವಂತಪುರದ ಕಾರ್ಖಾನೆಯ ಆಫೀಸಿನಲ್ಲಿ ಅರ್ಧ ದಿನದ ರಜೆ ಹೋಗುತ್ತಿತ್ತು. ಬಾಗಿಲಿಗೆ ಬಂದಾಗ ಅತ್ತೆ ಒಲೆಕಟ್ಟೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದರು. ಒದ್ದೆ ಸೀರೆ ಮೈಗೆ ಅಂಟಿತ್ತು. ಎರಡೂ ಕೈ ಕರೆಂಟ್ ಕುಕ್ಕರಿನ ಅಂಚಿನ ಮೇಲಿದ್ದವು. ಏನೋ ಹೇಳುತ್ತಿದ್ದಾರೆ ಅನ್ನಿಸಿತು. ಅದು ಮಾತಾಗಿರಲಿಲ್ಲ. ಹಲ್ಲು ಕಚ್ಚಿಕೊಂಡವರ ಗಂಟಲಿನಿಂದ ಬರುವ, ಒಂದೇ ಸಮನೆ ನಡುಗುವ ಸದ್ದು.

ಓಡಿದೆ. ಹೊಸ್ತಿಲಲ್ಲಿ ಕಾಲು ತಾನಾಗಿ ನಿಂತಿತು. ಮಡಿಯಲ್ಲಿದ್ದವರನ್ನು ಸ್ನಾನವಾಗದವರು ಮುಟ್ಟಬಾರದು ಎನ್ನುವುದು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಮೈಗೆ ಹತ್ತಿದ್ದ ಪಾಠ. ಚಾಚಿದ ಕೈ ಹಾಗೇ ಉಳಿಯಿತು. ಆಗ ಬಾಗಿಲ ಮೂಲೆಯಲ್ಲಿ ಮಡಿಕೋಲು ಕಂಡಿತು. ಮಡಿಬಟ್ಟೆಯನ್ನು ಯಾರ ಕೈಗೂ ತಾಗಿಸದೆ ಎತ್ತರದ ಗಳುವಿಗೆ ಹರವುವ ಬಿದಿರಿನ ಕೋಲು. ಅದರ ತುದಿಯಿಂದ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದೆ. ಟಕ್ ಎಂದಿತು. ಕುಕ್ಕರಿನ ಕೆಂಪು ದೀಪ ಆರಿತು.

ಅತ್ತೆಯ ಕೈ ಬಿಡಲಿಲ್ಲ.

ಆ ಕ್ಷಣವನ್ನು ಇವತ್ತಿಗೂ ಮತ್ತೆ ಮತ್ತೆ ನೋಡುತ್ತೇನೆ. ದೀಪ ಆರಿದೆ, ಸ್ವಿಚ್ಚು ಮೇಲಿದೆ, ಅವರ ಮೊಣಕೈ ಇನ್ನೂ ಅದುರುತ್ತಿದೆ. ಕೋಲನ್ನು ಕುಕ್ಕರಿಗೇ ಬೀಸಿದೆ. ಅದು ಕಟ್ಟೆಯಿಂದ ಉರುಳಿ, ವೈರನ್ನು ಎಳೆದು, ಪ್ಲಗ್ಗನ್ನು ಕಿತ್ತುಕೊಂಡು ಕೆಳಗೆ ಬಿತ್ತು. ನೆಲದ ತುಂಬ ಬಿಸಿ ಅನ್ನ. ಅತ್ತೆ ಗೋಡೆಗೆ ಒರಗಿ ಕುಸಿದು ಕೂತರು. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟರು.

"ನೀ ನನ್ನ ಮುಟ್ಟಿಲ್ಲಲ್ಲಾ?"

"ಇಲ್ಲ ಅತ್ತೆ."

"ಛಲೋ ಆತು. ಮುಟ್ಟಿದ್ರ ನಿನ್ನೂ ಹಿಡಕೋತಿತ್ತು."

ಇದೆಲ್ಲ ಎಂಬತ್ತರ ದಶಕದ ನಡುವೆ, ನಾವು ಗಂಗಾನಗರದಲ್ಲಿ ಬಾಡಿಗೆಗಿದ್ದಾಗ ನಡೆದದ್ದು. ಕೆಳಗೆ ನಾವು ಮೂವರು: ನಾನು, ನನ್ನ ಗಂಡ, ಧಾರವಾಡದಿಂದ ಮಗನ ಜೊತೆ ಬಂದಿದ್ದ ಅತ್ತೆ. ಮಹಡಿಯ ಮೇಲೆ ಮನೆ ಓನರ್ ಸಂಸಾರ. ಅವರು ಹೆಬ್ಬಾಳದ ಹಳೇ ಊರಿನವರು.

ಗ್ಯಾಸಿಗೆ ಹೆಸರು ಬರೆಸಿ ಕಾದು ಕಾದು ಸಾಕಾಗಿತ್ತು. ಸೀಮೆಎಣ್ಣೆಯ ಕ್ಯೂನಲ್ಲಿ ಕ್ಯಾನು ಇಟ್ಟು ನಿಲ್ಲುವುದು ಗಂಡನ ಭಾನುವಾರದ ಕೆಲಸ. ಹಾಗಾಗಿ ಕರೆಂಟ್ ಕುಕ್ಕರ್ ತರೋಣವೆಂದು ಮೂವರೂ ಗಾಂಧಿನಗರದ ಕಡೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಮುಚ್ಚಳ ತೆಗೆದು, ಒಳಪಾತ್ರೆ ಎತ್ತಿ, ತೂತಿನ ತಟ್ಟೆ ಕೂರಿಸಿ ತೋರಿಸಿದ.

"ಅನ್ನ ಮಾಡ್ತದೆ ಮೇಡಂ. ಪಲಾವ್ ಮಾಡ್ತದೆ. ಈ ತಟ್ಟೆ ಇಟ್ರೆ ತರಕಾರಿ ಬೇಯ್ತದೆ, ಇಡ್ಲಿ ಆಗ್ತದೆ. ಆಗಿದ್ದನ್ನ ಬಿಸಿಯಾಗಿ ಇಟ್ಟಿರ್ತದೆ. ಬೇಕಂದ್ರೆ ಕೇಕೂ ಮಾಡ್ಕೋಬಹುದು."

ಅತ್ತೆ ಒಳಗೆ ಬಗ್ಗಿ ನೋಡಿದರು. "ಎಲ್ಲಾ ಮಾಡ್ತದ ಅಂತೀಯಲ್ಲಪಾ. ಭಾಂಡಿ ತಿಕ್ಕತದೇನು?"

ಎರಡು ಮಾಡೆಲ್ ಇದ್ದವು. ಅಗ್ಗದ್ದಕ್ಕೆ ಎರಡು ಪಿನ್ನು. ನಾನು ಬಿ.ಎಸ್ಸಿ. ಫಿಸಿಕ್ಸ್ ಓದಿದವಳು, ಮೂರು ಪಿನ್ನಿನದೇ ಬೇಕೆಂದೆ. ಮೂರನೆಯದು ಅರ್ಥ್. ಒಳಗೆ ವೈರು ಕೆಟ್ಟು ಕರೆಂಟು ಕುಕ್ಕರಿನ ಮೈಗೆ ಬಂದರೂ ಅದು ಆ ಪಿನ್ನಿನಿಂದ ನೆಲಕ್ಕಿಳಿದು ಹೋಗುತ್ತದೆ, ಮನುಷ್ಯರನ್ನು ಹಿಡಿಯುವುದಿಲ್ಲ ಎಂದು ಅಲ್ಲೇ ಪಾಠ ಮಾಡಿದೆ. ಅಡುಗೆಮನೆಗೆ ಮೂರು ಪಿನ್ನಿನ ಸಾಕೆಟ್ಟನ್ನೂ ಹಾಕಿಸಿದೆವು.

ಮೊದಲ ದಿನಗಳಲ್ಲಿ ಅತ್ತೆ ಅದರ ಎದುರು ಮಣೆ ಹಾಕಿಕೊಂಡು ಕಾವಲು ಕೂರುತ್ತಿದ್ದರು. ಅನ್ನವಾದ ಕೂಡಲೇ ಅದು ತಾನೇ ಟಕ್ಕೆಂದು ನಿಂತು, ಬಿಸಿ ಇಡುವ ಕಡೆಗೆ ಬದಲಾಗುತ್ತಿತ್ತು. ಅದೇ ಅವರಿಗೆ ಹಿಡಿಸಲಿಲ್ಲ.

"ಅನ್ನ ಆಗ್ಯದ ಅಂತ ಇದಕ್ಕ ಯಾರ ಹೇಳಿದ್ರು? ನಾ ಅಗಳ ಹಿಚುಕಿ ನೋಡೂಕಿಂತ ಮೊದಲ ಇದಕ್ಕ ಹೆಂಗ ಗೊತ್ತಾತು?"

ಆದರೂ ಅನ್ನ ಮಲ್ಲಿಗೆಯ ಹಾಗೆ ಆಗುತ್ತಿತ್ತು. ತೂತಿನ ತಟ್ಟೆಯಲ್ಲಿ ಕುಂಬಳಕಾಯಿ ಹದವಾಗಿ ಬೇಯುತ್ತಿತ್ತು. ಇಡ್ಲಿ ಮಾತ್ರ ಅಂಚಿನಲ್ಲಿ ಒದ್ದೆಯಾಗಿ, ನಡುವೆ ಹಿಟ್ಟಾಗಿ ಉಳಿಯಿತು. ಕೇಕಿನ ಮಾತನ್ನು ಯಾರೂ ಎತ್ತಲಿಲ್ಲ. ಬೇಸಿಗೆ ಹೀಗೇ ಕಳೆಯಿತು. ಅತ್ತೆ ಬೆಳಿಗ್ಗೆ ಮಡಿಯಲ್ಲಿ ಅದರಲ್ಲೇ ಅಡುಗೆ ಮಾಡುವಷ್ಟು ಒಗ್ಗಿಕೊಂಡರು. ಸ್ವಿಚ್ಚನ್ನು ಕಂಡಕಂಡವರು ಮುಟ್ಟಿರುತ್ತಾರೆಂದು ಅದನ್ನು ಮಾತ್ರ ಮಡಿಕೋಲಿನಿಂದಲೇ ಒತ್ತುತ್ತಿದ್ದರು.

ಮಳೆ ಹಿಡಿಯಿತು. ಗಳುವಿನ ಮೇಲಿನ ಸೀರೆ ರಾತ್ರಿಯೆಲ್ಲ ಇದ್ದರೂ ಒಣಗುತ್ತಿರಲಿಲ್ಲ. ಒಣಗಿದ ಮಡಿ ಇಲ್ಲದಿದ್ದರೆ ಒದ್ದೆಯದನ್ನೇ ಉಡುವುದು ಅವರ ಪದ್ಧತಿ. ನೀರು ತೊಟ್ಟಿಕ್ಕುವ ಸೀರೆಯಲ್ಲಿ, ಬರಿಗಾಲಲ್ಲಿ, ಆಗ ತಾನೇ ಒರೆಸಿದ ನೆಲದ ಮೇಲೆ ನಿಂತು ಅಡುಗೆ.

ಒಂದು ದಿನ ತಿಂಡಿಗೆ ಕೂತಾಗ ಹೇಳಿದರು, "ಇದು ಕಡೀತದ."

"ಯಾವುದವ್ವ?" ಎಂದ ನನ್ನ ಗಂಡ.

"ಅದ, ನಿನ್ನ ಕುಕ್ಕರು. ಮುಟ್ಟಿದ್ರ ಜುಂ ಅಂತದ."

ಅವತ್ತು ಸಂಜೆ ಆಫೀಸಿನಿಂದ ಬಂದವನೇ ಮಣೆಯ ಮೇಲೆ ನಿಂತು, ಕುಕ್ಕರಿನ ಸ್ವಿಚ್ಚು ಹಾಕಿ, ಅಂಗೈ ಇಟ್ಟು ತೋರಿಸಿದ. "ಎಲ್ಲಿ ಕಡೀತದವ್ವ? ನೋಡಿಲ್ಲೆ."

"ನಿಂಗ್ಯಾಕ ಕಡೀತದ? ನೀ ಅದನ್ನ ಮನೀಗೆ ತಂದಾಂವ."

ನಾನೂ ಮುಟ್ಟಿ ನೋಡಿದೆ. ಏನೂ ಇಲ್ಲ. ನನ್ನ ಅನುಮಾನ ಬೇರೆ ಕಡೆಗಿತ್ತು. ಬೇಯಿಸಿದ ಅನ್ನ ತಾಗಿದ್ದೆಲ್ಲ ಅವರಿಗೆ ಮುಸುರೆ. ಮುಸುರೆಯಾದದ್ದಕ್ಕೆ ನೀರು ಬೀಳಲೇಬೇಕು. ಅನ್ನ ಬಗ್ಗಿಸಿದ ಮೇಲೆ ಕುಕ್ಕರಿನ ಸುತ್ತ ನೀರು ಚಿಮುಕಿಸಿ, ಅಂಗೈಯಿಂದ ಒರೆಸುತ್ತಿದ್ದರು. ಆ ನೀರು ಒಳಗಿಳಿದಿದೆ ಎಂದುಕೊಂಡೆ. ಗಂಡನ ಅನುಮಾನ ಅವ್ವನ ಮೇಲೆಯೇ. "ಆಕಿಗೆ ಮೊದಲಿಂದ್ಲೂ ಅದು ಬ್ಯಾಡ. ಈಗ ನೆವ ಸಿಕ್ಕದ" ಎಂದು ನನ್ನ ಕಿವಿಯಲ್ಲಿ ಹೇಳಿದ. ಅತ್ತೆಗೆ ಕೇಳಿಸಿತೇನೋ, ಆಮೇಲೆ ಅವರು ಕಡಿತದ ಮಾತೆತ್ತಲಿಲ್ಲ. ಬೆರಳ ತುದಿಯಿಂದ ಮುಟ್ಟಿ ಮುಟ್ಟಿ, ಬಟ್ಟೆ ಸುತ್ತಿ ಸುತ್ತಿ ಪಾತ್ರೆ ಎತ್ತುತ್ತಿದ್ದರು. ಅವತ್ತು ಆರೂ ಇಪ್ಪತ್ತಕ್ಕೆ ಆ ಬಟ್ಟೆಯೂ ಒದ್ದೆಯಾಗಿತ್ತು.

ಆರ್.ಟಿ. ನಗರದ ಡಾಕ್ಟರು ಎದೆ ಪರೀಕ್ಷಿಸಿ, ಬೆರಳಿನ ಸುಟ್ಟ ಗುರುತಿಗೆ ಮುಲಾಮು ಕೊಟ್ಟು, ಬದುಕಿದ್ದೇ ಹೆಚ್ಚು ಎಂದರು. ಕುಕ್ಕರನ್ನು ಅಂಗಡಿಗೆ ಒಯ್ದೆವು. ಅಂಗಡಿಯವನು ಬಿಚ್ಚಿ, ಒಳಗೆ ಒಣಗಿದೆ ಎಂದು ತೋರಿಸಿ, ಜೋಡಿಸಿ, ಸ್ವಿಚ್ಚು ಹಾಕಿ ಅದರ ಮೇಲೆ ಕೈ ಇಟ್ಟ. "ನೋಡಿ ಸಾರ್, ಕೈ ಇಟ್ಟಿದೀನಿ. ಮಾತಾಡ್ತಾ ಇದೀನಿ. ಜೀವಂತ ಇದೀನಿ."

"ಸ್ವಿಚ್ ಆಫ್ ಮಾಡಿದ್ಮೇಲೂ ಹಿಡ್ಕೊಂಡಿತ್ತು" ಎಂದೆ.

ಅವನು ನನ್ನ ಗಂಡನ ಮುಖ ನೋಡಿದ. "ಗಾಬರೀಲಿ ಹಂಗನ್ಸತ್ತೆ ಮೇಡಂ."

ದಾರಿಯಲ್ಲಿ ಗಂಡನೂ ಅದನ್ನೇ ಹೇಳಿದ. ಆರಿಸಿದ ಸ್ವಿಚ್ಚಿನಿಂದ ಕರೆಂಟು ಹೇಗೆ ಬರುತ್ತದೆ, ನೀನೇ ಹೇಳು, ನೀನೇ ಓದಿದವಳು. ಆದರೆ ನಾನು ಕಂಡದ್ದು ಸುಳ್ಳಲ್ಲ. ಕುಕ್ಕರು ಒಳ್ಳೆಯದೇ ಆಗಿದ್ದರೆ ಅತ್ತೆಯನ್ನು ಹಿಡಿದದ್ದು ಯಾವುದು? ಅದು ಯಾವುದೇ ಆಗಿದ್ದರೂ ಇನ್ನೂ ನಮ್ಮ ಮನೆಯಲ್ಲೇ ಇದೆ.

ಕುಕ್ಕರು ಅಟ್ಟ ಸೇರಿತು. ಸೀಮೆಎಣ್ಣೆ ಸ್ಟೌ ಮತ್ತೆ ಕೆಳಗಿಳಿಯಿತು. ನಿದ್ದೆ ಮಾತ್ರ ಮನೆಗೆ ಬರಲಿಲ್ಲ. ಹಗಲು ಕಿತ್ತ ಪ್ಲಗ್ಗುಗಳನ್ನು ರಾತ್ರಿ ಎದ್ದು ಮತ್ತೆ ನೋಡುತ್ತಿದ್ದೆ. ನಾನು ಮಲಗಿದರೆ ಅತ್ತೆ ಏಳುತ್ತಿದ್ದರು. ನಮ್ಮ ಓಡಾಟಕ್ಕೆ ಗಂಡನೂ ಏಳುತ್ತಿದ್ದ. "ಇದೇನು ಮನೀನೋ, ಪೊಲೀಸ್ ಠಾಣೆನೋ" ಎಂದು ಗೊಣಗುತ್ತಿದ್ದ. ಹಗಲಲ್ಲಿ ಫ್ಯಾನು, ರೇಡಿಯೋ, ಬಾತ್‌ರೂಮಿನ ಬಲ್ಬು, ಎಲ್ಲವೂ ನನಗೆ ನಂಬಿಕೆಗೆಟ್ಟ ನೆಂಟರಂತೆ ಕಾಣುತ್ತಿದ್ದವು.

ಗಂಡ ಅಂಗಿಗೆ ಇಸ್ತ್ರಿ ಹಾಕುವುದು ಯಾವಾಗಲೂ ಸಂಜೆ. ಒಂದು ಸಂಜೆ ಕರೆಂಟು ಹೋಗಿ ಮಲಗುವವರೆಗೂ ಬರಲೇ ಇಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕಾಲಲ್ಲೇ ಬಂದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಾಕಿದ. ಸ್ವಿಚ್ಚನ್ನು ಇನ್ನೂ ಒತ್ತಿರಲಿಲ್ಲ. ಪೆಟ್ಟಿಗೆಯ ತಳ ಒರೆಸಲು ಕೈ ಹಾಕಿದವನು "ಅವ್ವಾ!" ಎಂದು ಕಿರುಚಿ ಗೋಡೆಯವರೆಗೆ ಹಾರಿದ.

ಅತ್ತೆ ಅಡುಗೆಮನೆಯಿಂದ ಇಣುಕಿದರು. "ಕಡೀತೇನು? ನಿನಗೂ ಅದು ಬ್ಯಾಡಾಗಿತ್ತೇನು?"

ಅವನು ಬೆವರುತ್ತ ನನ್ನತ್ತ ತಿರುಗಿದ. "ನಾ ಸ್ವಿಚ್ಚ ಹಾಕಿಲ್ಲ. ನೋಡು. ಹಾಕಿಲ್ಲ."

ಪ್ಲಗ್ಗು ಕಿತ್ತು, ಟೆಸ್ಟರ್ ತಂದೆ. ಸಾಕೆಟ್ಟಿನ ಕೆಳಗಿನ ಎರಡು ತೂತು ಬಿಟ್ಟು, ಮೇಲಿನ ದಪ್ಪ ತೂತಿಗೆ ಅದರ ತುದಿ ಇಟ್ಟೆ. ಅದು ಅರ್ಥ್. ಅಲ್ಲಿ ಟೆಸ್ಟರ್ ಎಂದೂ ಉರಿಯಬಾರದು. ಉರಿಯಿತು. ಸ್ವಿಚ್ಚು ಆರಿಸಿದರೂ ಅರ್ಥಿನ ವೈರು ಕಡಿಯುವುದಿಲ್ಲ, ಅದು ಸದಾ ಜೋಡಿಕೊಂಡೇ ಇರುತ್ತದೆ. ಅತ್ತೆಯನ್ನು ಹಿಡಿದದ್ದು ಕುಕ್ಕರಿನ ಕರೆಂಟಲ್ಲ. ಕಾಪಾಡಲೆಂದು ನಾನೇ ಕೇಳಿ ಹಾಕಿಸಿದ ಮೂರನೇ ಪಿನ್ನಿನ ದಾರಿಯಲ್ಲಿ ಬೇರೆಲ್ಲಿಂದಲೋ ಬಂದದ್ದು.

"ಎಲ್ಲಿಂದ?" ಎಂದ ಗಂಡ.

ಉತ್ತರ ಕೊಟ್ಟವರು ಅತ್ತೆ. "ಮ್ಯಾಲಿನವರು ನೀರು ಕಾಸೂ ಹೊತ್ತಿದು. ಬೆಳಿಗ್ಗೆನ ಕಡೀತದ, ಸಂಜೀಗೆ ಕಡಿಯೂದಿಲ್ಲ. ಆವತ್ತ ಹೇಳೋಣಂದ್ರ ಕೇಳವ್ರು ಯಾರಿದ್ರು?"

ಹಿತ್ತಲಿಗೆ ಹೋದೆ. ಕೆಳಗಿನ ಮತ್ತು ಮೇಲಿನ ಮನೆಯ ಅರ್ಥಿನ ವೈರುಗಳು ಒಂದಕ್ಕೊಂದು ಸೇರಿ, ದಪ್ಪನೆಯ ಒಂದೇ ತಂತಿಯಾಗಿ ಹಿಂಬದಿಯ ಗೋಡೆಯಿಂದ ಇಳಿದು ಬಾವಿಯ ಪಕ್ಕ ಮಣ್ಣಿನೊಳಗೆ ಹೋಗಬೇಕು. ಗೋಡೆಯ ಮೇಲೆ ತಂತಿ ಸಜ್ಜೆಯವರೆಗೆ ಬಂದು ನಿಂತಿತ್ತು. ಕೆಳಗೆ ಮಣ್ಣಿನಿಂದ ಅದರ ಮೋಟು ತುಂಡು ತಲೆ ಎತ್ತಿತ್ತು. ನಡುವೆ ಏನೂ ಇರಲಿಲ್ಲ. ಮೇಲೆ ನೀರು ಕಾಸುವ ಬಾಯ್ಲರಿನಿಂದ ಸೋರಿದ ಕರೆಂಟು ಮಣ್ಣಿಗಿಳಿಯಲಾರದೆ ಅದೇ ವೈರು ಹಿಡಿದು ನಮ್ಮ ಸಾಕೆಟ್ಟಿಗೆ ಬರುತ್ತಿತ್ತು. ತಲೆ ಎತ್ತಿದರೆ, ಮಹಡಿಯ ಶೀಟಿನ ಕೆಳಗೆ, ಮಳೆ ತಾಗದ ಜಾಗದಲ್ಲಿ, ಮಕ್ಕಳ ಯೂನಿಫಾರಂ ಸಾಲಾಗಿ ಒಣಗುತ್ತಿತ್ತು. ಬಟ್ಟೆ ಹಾಕಿದ್ದು ದಪ್ಪನೆಯ ತಂತಿಯ ಮೇಲೆ.

ಓನರ್ ಹೆಂಡತಿಯನ್ನು ಕೂಗಿದೆ.

"ಓ, ಅದಾ?" ಎಂದರು ಮೇಲಿನಿಂದ ಬಗ್ಗಿ. "ಮಳೇಲಿ ಬಟ್ಟೆ ಒಣಗ್ತಿರ್ಲಿಲ್ಲ ಕಣ್ರೀ. ಅದು ಗ್ವಾಡೆ ಮ್ಯಾಲೆ ಸುಮ್ನೆ ನೇತಾಡ್ತಿತ್ತು. ಯಾವ ಕಂಬಕ್ಕೂ ಓಗ್ತಿರ್ಲಿಲ್ಲ, ಮಣ್ಣೊಳಕ್ಕೋಗ್ತಿತ್ತು. ಮಣ್ಣೊಳಗೆ ಯಾರಿಗ್ರೀ ಬೇಕು ಕರೆಂಟು?"

ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. "ನಿಮ್ಮ ಬಾಯ್ಲರ್ ಮುಟ್ಟಿದ್ರೆ ಏನೂ ಆಗಲ್ವಾ?"

"ಆಗ್ತದೆ, ಜುಮ್ಮಂತದೆ. ನಾನು ಚಪ್ಪಲಿ ಆಕ್ಕೊಂಡೇ ಓಗೋದು. ನೀವೂ ಅಂಗೇ ಮಾಡಿ."

"ನಮ್ಮತ್ತೆ ಮಡೀಲಿ ಚಪ್ಪಲಿ ಹಾಕ್ಕೊಂಡು ಅಡುಗೆ ಮಾಡ್ಬೇಕಾ?"

ಅವರು ತಲೆ ಎತ್ತಿ ಯೂನಿಫಾರಂ ಹಾಕಿದ್ದ ತಂತಿಯನ್ನು ನೋಡಿದರು. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿತ್ತು. ಅತ್ತೆಯನ್ನು ನೋಡಲು ಮೂಸಂಬಿ ಹಿಡಿದು ಬಂದಿದ್ದರು ಕೂಡ. "ಅಯ್ಯೋ ನಮ್ಮವ್ವ, ಅದು ನಮ್ಮ ತಂತಿಯಿಂದ್ಲಾ?" ಎಂದವರೇ ಒಳಗೆ ಓಡಿ ಬಾಯ್ಲರ್ ಆರಿಸಿದರು. ಆಮೇಲೆ ಮಕ್ಕಳ ಯೂನಿಫಾರಂಗಳನ್ನು ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಂಡರು.

ಬಾಯ್ಲರಿನ ಕಾಯಿಲ್ ಬದಲಾಯಿತು. ಬಾವಿಯ ಪಕ್ಕ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ತಂತಿ ಇಳಿಸಿದರು. ಮಹಡಿಯ ಮೇಲೆ ನೈಲಾನ್ ಹಗ್ಗ ಬಂತು. ಗಂಡ ಕುಕ್ಕರನ್ನು ಅಟ್ಟದಿಂದ ಇಳಿಸಿದ. ಇನ್ನು ಭಯವಿಲ್ಲ ಎಂದು ನಾನು ಹೇಳಿದೆ. ಅತ್ತೆ ಒಪ್ಪಲಿಲ್ಲ. ಮೊದಲೂ ನೀನೇ ಹಾಗೆ ಹೇಳಿದ್ದೆ ಎಂದರು.

ಮರುದಿನ ಬೆಳಿಗ್ಗೆ ಮಗನನ್ನು ಎಬ್ಬಿಸಿದರು. "ಏಳು ತಮ್ಮಾ. ಸ್ನಾನ ಮಾಡಿ ಒದ್ದಿ ಪಂಚಿ ಉಟಗೊಂಡು ಬಾ. ಮಣಿ ಬ್ಯಾಡ, ನೆಲದ ಮ್ಯಾಲೆ ನಿಂದ್ರು."

"ಅವ್ವ, ನಾ ನಿನ್ನ ಮಗ."

"ಅದಕ್ಕ ಹೇಳ್ತೀನಿ. ಬ್ಯಾರೆಯವರ ಮಗನ್ನ ಕರೀಲಿ ಏನು?"

ಮೇಲೆ ಬಾಯ್ಲರ್ ಹಾಕಿಸಿ, ಮೊದಲು ನಾನು ಟೆಸ್ಟರ್ ಇಟ್ಟು ನೋಡಿದೆ. ಉರಿಯಲಿಲ್ಲ. ಇನ್ನೊಮ್ಮೆ ಇಟ್ಟೆ. ಅತ್ತೆ ಬೆರಳೆತ್ತಿ ತೋರಿಸಿದ್ದಕ್ಕೆ ಇನ್ನೂ ಒಮ್ಮೆ ಇಟ್ಟೆ. ಹಿಡಿದುಕೊಳ್ಳದಂತೆ ಕೈಯ ಹಿಂಬದಿಯಿಂದ ಮುಟ್ಟಲು ಗಂಡನಿಗೆ ಹೇಳಿದೆ. ಅವನು ಕಣ್ಣು ಮುಚ್ಚಿ ಮುಟ್ಟಿದ, ಆಮೇಲೆ ಪೂರ್ತಿ ಅಂಗೈ ಇಟ್ಟ. ನಾನು ಮಡಿಕೋಲು ಹಿಡಿದು ಹೊಸ್ತಿಲಲ್ಲೇ ನಿಂತಿದ್ದೆ. ಕೊನೆಗೆ ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ, ಒದ್ದೆ ಸೀರೆಯಲ್ಲೇ ಬಂದು, ಬೆರಳಿನ ಕಪ್ಪು ಗುರುತಿನಿಂದ ಅಂಚನ್ನು ಮುಟ್ಟಿದರು. ಕಾದರು. ಏನೂ ಆಗಲಿಲ್ಲ.

"ಅಕ್ಕಿ ತೊಳಿ" ಎಂದರು.

ಅವತ್ತೂ ಅನ್ನ ಬಗ್ಗಿಸಿದ ಮೇಲೆ ನೀರು ಚಿಮುಕಿಸಲು ಕೈ ಎತ್ತಿದರು. ನನ್ನ ಮುಖ ನೋಡಿ, ಪ್ಲಗ್ಗು ಕೀಳಿಸಿ, ಆಮೇಲೆ ಚಿಮುಕಿಸಿದರು. ಮಡಿಕೋಲು ಮೂಲೆಗೆ ಹಿಂತಿರುಗಲಿಲ್ಲ. ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಒರಗಿ ನಿಂತಿತು. ನಾವು ಆ ಮನೆ ಬಿಡುವವರೆಗೂ ಅದರ ಜಾಗ ಅದೇ ಆಯಿತು.

ಕುಕ್ಕರ್ ಮತ್ತೆ ಹಚ್ಚಿದ ಮರುದಿನ ಭಾನುವಾರ. ಹಾಲಿನವಳು ಬಾಗಿಲು ಬಡಿದು ಬಡಿದು, "ಏನ್ರಮ್ಮಾ, ಊರಿಗೆ ಓಗ್ಬಿಟ್ರಾ?" ಎಂದು ಕೂಗಿದಾಗ ಎಚ್ಚರವಾಯಿತು. ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ನಡುವೆ ಒಮ್ಮೆಯೂ ಎದ್ದ ನೆನಪಿಲ್ಲ. ಪಕ್ಕದಲ್ಲಿ ಗಂಡ ಬಾಯಿ ತೆರೆದು ಮಲಗಿದ್ದ. ಅಡುಗೆಮನೆಯ ನೆಲ ಒಣಗಿತ್ತು, ಮಡಿಸೀರೆ ಗಳುವಿನ ಮೇಲೆ ಮುಟ್ಟದೆ ಹಾಗೇ ಇತ್ತು. ನಡುಮನೆಗೆ ಓಡಿದೆ. ಅತ್ತೆ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಬಗ್ಗಿ ನೋಡಿದೆ. ಗೊರಕೆ ಹೊಡೆಯುತ್ತಿದ್ದರು.