ಕಾಲುಚೀಲದ ಐದನೆಯ ಕಡ್ಡಿ

ಅಕ್ಟೋಬರಿನ ಕೊನೆಯ ಶನಿವಾರ. ಉತ್ತರದ ಚಳಿಸಮುದ್ರದ ಓಲಾಂಡಿನ ಆ ಪುಟ್ಟ ದ್ವೀಪದವರೆಲ್ಲ ಸೇರಿ, ಸಮುದ್ರ ಹೆಪ್ಪುಗಟ್ಟುವ ಮೊದಲೇ ದೋಣಿಗಳನ್ನು ದಡಕ್ಕೆ ಎಳೆದರು. ಸಿಗ್ನೆಯ ಹಾಯಿದೋಣಿ ಕೊನೆಯದು. ಗಂಡ ಎಲ್ಮೆರ್ ಆಗಸ್ಟಿನಲ್ಲಿ ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ.

ಹಾಯಿಗಳನ್ನು ಸಿಗ್ನೆ ಸಿಹಿನೀರಲ್ಲಿ ತೊಳೆದು ಅಟ್ಟದಲ್ಲಿ ಒಣಹಾಕಿದ್ದಳು. ಮರ ಕೊಳೆಯದಿರಲೆಂದು ದೋಣಿಯ ಹೊಟ್ಟೆಗೆ ಉಪ್ಪು ಚೆಲ್ಲಿದ್ದಳು. ಮೇಲೆ ಹೊದಿಸಿದ ಟಾರ್ಪಾಲಿನ ಎರಡೂ ತುದಿಗಳನ್ನು ಗಾಳಿಯಾಡಲು ತೆರೆದು ಬಿಟ್ಟಿದ್ದಳು. ಇವೆಲ್ಲ ಮೂವತ್ತು ವರ್ಷ ಕಣ್ಣಾರೆ ನೋಡಿದ ಕೆಲಸ. ದೋಣಿಯ ಎಂಜಿನ್ ಮಾತ್ರ ಎಲ್ಮೆರನದು. ಅದರ ಹತ್ತಿರ ಅವಳನ್ನು ಬಿಟ್ಟವನಲ್ಲ.

ಎಂಜಿನ್ ತಂಪಾಗಿಡಲು ಅದರೊಳಗೆ ಹರಿಯುವ ಸಮುದ್ರದ ನೀರು ಚಳಿಗಾಲಕ್ಕೆ ಮುಂಚೆ ಪೂರ್ತಿ ಇಳಿಯಬೇಕು. ಉಳಿದರೆ ಹೆಪ್ಪುಗಟ್ಟಿ ಕಬ್ಬಿಣ ಸೀಳುತ್ತದೆ. ಆಮೇಲೆ ಅದು ಗುಜರಿ. ಎಲ್ಮೆರ್ ಮಲಗಿರುವುದು ಚರ್ಚಿನ ದ್ವೀಪದಲ್ಲಿ, ನೀರಾಚೆ. ಒಬ್ಬಳೇ ಹಾಯಿ ಎತ್ತುವ ಶಕ್ತಿ ಅವಳಿಗಿಲ್ಲ. ಎಂಜಿನ್ ಹೋದರೆ ಗೋರಿಗೆ ಹೋಗಲು ಪ್ರತಿಸಲವೂ ಯಾರದೋ ಬಾಗಿಲು ತಟ್ಟಬೇಕು. ಅದು ಅವಳಿಂದಾಗದು.

ಇವತ್ತು ರಾತ್ರಿ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಎಂದು ರೇಡಿಯೊ ಹೇಳಿತ್ತು. ಅವಳು ಏಣಿ ಹತ್ತಿ ದೋಣಿಯೊಳಗಿಳಿದು ಎಂಜಿನ್ನಿನ ಬುಡದ ನಲ್ಲಿ ತಿರುಗಿಸಿದಳು. ಮೂರು ಹನಿ ಬಿತ್ತು. ಮತ್ತೇನೂ ಇಲ್ಲ.

ಪಕ್ಕದ ಮನೆಯ ಯಾರ್ಲ್ ಹಗ್ಗ ಸುತ್ತುತ್ತಾ ಬಂದ.

"ಆಯ್ತೇನೇ ಸಿಗ್ನೆ?"

"ಮೂರೇ ಹನಿ ಬಂತು."

"ನಂದ್ರಲ್ಲಿ ಅರ್ಧ ಬಕೆಟ್ ಬಂತಲ್ಲ ಮಾರಾಯ್ತಿ! ಎಲ್ಮೆರನ ಎಂಜಿನ್ನೂ ಅವನಷ್ಟೇ ಜಿಪುಣ."

"ಸತ್ತವನ್ನ ಬಿಡೋ. ನೀರು ಒಳಗಿದ್ಯೋ ಇಲ್ವೋ, ಅದು ಹೇಳು."

"ಅಜ್ಜನ ಕಾಲದ ಎಂಜಿನ್ ಕಣೇ. ಅದರ ಮರ್ಮ ನಂಗೇನು ಗೊತ್ತು? ಅವನ್ನೇ ಹೋಗಿ ಕೇಳು." ಹೇಳಿದ ಮೇಲೆ ಯಾರ್ಲ್ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು."

"ಹೋಗೋಕೇ ಈ ಎಂಜಿನ್ ಬೇಕಾಗಿರೋದು," ಎಂದಳು ಸಿಗ್ನೆ.

ಬಿಸಿಲು ಬಂಡೆಗಳ ಹಿಂದೆ ಜಾರಿತು. ಕೆಳಗೆ ಯಾರ್ಲನ ಬೂಟಿನಡಿ ಕೆಸರು ಆಗಲೇ ಹೆಪ್ಪುಗಟ್ಟಿ ಚರಚರ ಎನ್ನುತ್ತಿತ್ತು. ಒಳಗೆ ನೀರಿಲ್ಲದಿದ್ದರೆ ಸರಿ. ಇದ್ದರೆ? ಅವಳು ಎಂಜಿನ್ ಪೆಟ್ಟಿಗೆಯ ಸುತ್ತ ಕೈಯಾಡಿಸಿದಳು. ಏನು ಹುಡುಕುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮುಚ್ಚಳದ ಒಳಮೈಯಲ್ಲಿ ಎರಡು ಚರ್ಮದ ಕುಣಿಕೆಗಳಿದ್ದವು. ಅವುಗಳಲ್ಲಿ ಒಂದು ಉಕ್ಕಿನ ಕಡ್ಡಿ.

ಅವಳದೇ. ಕಾಲುಚೀಲ ಹೆಣೆಯುವ ಐದು ಕಡ್ಡಿಗಳಲ್ಲಿ ಹನ್ನೊಂದು ವರ್ಷದ ಹಿಂದೆ ಕಳೆದುಹೋದದ್ದು.

"ಬೆಕ್ಕು ಹೊತ್ಕೊಂಡು ಹೋಗಿರ್ಬೇಕು," ಎಂದಿದ್ದ ಎಲ್ಮೆರ್. "ನಮ್ಮನೇಲಿ ಬೆಕ್ಕೆಲ್ಲಿದೆ?" ಎಂದು ಅವಳು ಇಡೀ ಚಳಿಗಾಲ ಅವನ ಜೊತೆ ಜಗಳವಾಡಿದ್ದಳು.

ತುದಿ ಸ್ವಲ್ಪ ಬಾಗಿತ್ತು, ತುಕ್ಕು ಹತ್ತಿತ್ತು. ನಲ್ಲಿಯ ತೂತಿಗೆ ಹಿಡಿದು ನೋಡಿದಳು. ಅಳತೆ ಸರಿಯಿತ್ತು. ಒಳಗೆ ತೂರಿಸಿ ತಿರುವಿದಳು. ಏನೋ ಗಟ್ಟಿಯಾದದ್ದು ತಡೆಯಿತು. ಇನ್ನೊಮ್ಮೆ ಒತ್ತಿದಳು. ತುಕ್ಕಿನ ಚಕ್ಕೆ ಒಡೆಯಿತು. ಕಂದು ನೀರು ಅವಳ ಮೊಣಕೈವರೆಗೂ ಚಿಮ್ಮಿತು.

ಹರಿಯಿತು, ಹರಿಯಿತು. ನಿಲ್ಲುವ ತನಕ ಅವಳು ಮಂಡಿಯೂರಿ ಕೂತೇ ಇದ್ದಳು.

"ಏನಾಯ್ತೇ?" ಕೆಳಗಿಂದ ಯಾರ್ಲ್ ಕೂಗಿದ.

"ಬೆಕ್ಕು ಸಿಕ್ತು!"

"ಯಾವ ಬೆಕ್ಕೇ?"

ಸಿಗ್ನೆ ಕಡ್ಡಿ ಒರೆಸಿ, ಎಣ್ಣೆ ಸವರಿ, ಕುಣಿಕೆಗಳಲ್ಲೇ ಸಿಕ್ಕಿಸಿದಳು. ಮನೆಗೆ ಹೊರಟವಳು ಎರಡು ಸಲ ಹಿಂದಿರುಗಿ ಏಣಿ ಹತ್ತಿ, ಉಳಿದ ಹನಿಯೂ ಇಳಿಯುವಂತೆ ನಲ್ಲಿ ತೆರೆದೇ ಇದೆಯೇ ಎಂದು ಬೆರಳಿಟ್ಟು ನೋಡಿದಳು.