ಗೌನು ಮಿಸ್ ಕಲಿಸಿದ ಹಾಡು

ಮೊಮ್ಮಗಳು ಕಿವಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಬಿಳಿ ಗುಂಡಿಯನ್ನು ಒಂದು ಮಧ್ಯಾಹ್ನ ನನ್ನ ಕಿವಿಗೆ ತುರುಕಿದಳು. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನಿನಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಕೇಳು ಅಂದಳು. ಮೊದಲು ಕೇಳಿಸಿದ್ದು ಬರೀ ಗದ್ದಲ. ಕೃಷ್ಣಗಿರಿ ರಸ್ತೆಯಲ್ಲಿ ಗ್ರಾನೈಟ್ ಕೊಯ್ಯುವ ಶೆಡ್ಡುಗಳ ಮುಂದೆ ಬಸ್ಸು ನಿಂತಾಗ ಕಿವಿಗೆ ಬಡಿಯುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ. ಕಿತ್ತು ಅವಳ ಕೈಗೆ ಕೊಡಬೇಕು ಅನ್ನುವಷ್ಟರಲ್ಲಿ ಆ ಗದ್ದಲದ ಒಳಗಿಂದ ಹುಡುಗಿಯರ ದನಿ ಬಂತು. ಮೂರು ದನಿ. ಒಂದು ಮೇಲೆ, ಒಂದು ಕೆಳಗೆ, ನಡುವೆ ಇನ್ನೊಂದು...

ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

ಕಾಲೇಜಿಗೆ ಹೋಗುವ ಹುಡುಗಿ, ಇಂಥವೆಲ್ಲ ಅವಳಿಗೆ ಗೊತ್ತು. ಇವು ಈಗಿನ ವಿದೇಶದ ಬ್ಯಾಂಡುಗಳ ಹಾಡುಗಳಂತೆ. ಅರವತ್ತರ ದಶಕದಲ್ಲಿ ಮೂರು ಮೂರು, ನಾಲ್ಕು ನಾಲ್ಕು ಹುಡುಗಿಯರು ಸೇರಿ ಹಾಡುತ್ತಿದ್ದ ಸಿಹಿಯಾದ ಧಾಟಿಯನ್ನು ತೆಗೆದುಕೊಂಡು, ಅದರ ಮೇಲೆ ಗಿಟಾರಿನ ಗದ್ದಲವನ್ನು ಬೇಕೆಂದೇ ಸುರಿಯುತ್ತಾರಂತೆ. "ಯಾಕೆ ಹಂಗ್ ಮಾಡ್ತಾರೋ ಗೊತ್ತಿಲ್ಲ ಅಜ್ಜಿ. ಕೇಳಿದ್ರೆ ಒಂಥರಾ ಒಂಟಿ ಅನ್ಸುತ್ತೆ" ಅಂದಳು.

ಯಾಕೆ ಎಂದು ನನಗೆ ಗೊತ್ತಿತ್ತು. ನಲವತ್ತು ವರ್ಷಗಳ ಹಿಂದೆ ಹೊಸೂರಿನಲ್ಲಿ ಒಬ್ಬರು ಹೇಳಿಕೊಟ್ಟಿದ್ದರು. ಅವರ ಹೆಸರು ಹಿಡಿದು ನಾವು ಯಾರೂ ಕರೆದವರಲ್ಲ. ಎದುರಿಗೆ ಮಿಸ್, ಬೆನ್ನ ಹಿಂದೆ ಗೌನು ಮಿಸ್.

ಎಂಬತ್ತರ ದಶಕದ ಮೊದಲ ವರ್ಷಗಳವು. ಹೊಸೂರಿನ ಸುತ್ತ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಟೈಪಿಂಗ್ ಬಂದರೆ ಹೆಣ್ಣುಮಕ್ಕಳಿಗೂ ಆಫೀಸಿನಲ್ಲಿ ಕುರ್ಚಿ ಸಿಗುತ್ತದೆ ಎಂಬ ಮಾತು ನಮ್ಮೂರು ಬೇರಿಕೆಯವರೆಗೂ ಬಂದಿತ್ತು. ಅಣ್ಣ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಹೊಸೂರಿನಲ್ಲಿ ಮನೆ ಮಾಡಿದ್ದ. ಅಪ್ಪ ಹೊಲದ ಕೆಲಸ ಬಿಟ್ಟು ಒಂದು ದಿನ ನನ್ನನ್ನು ಬಸ್ಸು ಹತ್ತಿಸಿಕೊಂಡು ಬಂದು ಅಣ್ಣ-ಅತ್ತಿಗೆಯರ ಹತ್ತಿರ ಬಿಟ್ಟು ಹೋದರು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮಿಸ್ಸಿನ ಟೈಪಿಂಗ್ ಶಾಲೆ. ಎಂಟು ಮೆಷಿನ್. ಒಳಕ್ಕೆ ಕಾಲಿಟ್ಟರೆ ಎಣ್ಣೆ ಮತ್ತು ರಿಬ್ಬನ್ ಮಸಿಯ ವಾಸನೆ. ಎಂಟೂ ಒಟ್ಟಿಗೆ ಶುರುವಾದರೆ ಕೆಳಗಿನ ಸೈಕಲ್ ಅಂಗಡಿಯವನು ತಲೆ ಎತ್ತಿ ನೋಡುತ್ತಿದ್ದ.

ಮಿಸ್‌ಗೆ ಆಗ ನಲವತ್ತರ ಮೇಲಿರಬಹುದು. ಮೊಣಕಾಲು ಮುಚ್ಚುವಂಥ ಹೂವಿನ ಗೌನು, ಕತ್ತಿನವರೆಗೆ ಕತ್ತರಿಸಿದ ಕೂದಲು, ಮಣಿಕಟ್ಟಿಗೆ ಗಂಡಸರ ಗಡಿಯಾರ. ಕೋಲಾರದ ಚಿನ್ನದ ಗಣಿಯ ಊರಲ್ಲಿ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್ ಹೆಂಗಸು. ಇಂಗ್ಲಿಷು, ತಮಿಳು, ನಮ್ಮ ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಹುಡುಗಿಯರನ್ನೆಲ್ಲ ತಮಿಳರ ರೂಢಿಯಲ್ಲಿ 'ಕಣ್ಣು' ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಗೌನು ಹಾಕುವ ಒಂಟಿ ಹೆಂಗಸಿಗೆ ಮನೆ ಕೊಡಲು ಜನ ಹಿಂದೆಮುಂದೆ ನೋಡಿದ್ದಕ್ಕೆ ಶಾಲೆಯ ಹಿಂದಿನ ಕೋಣೆಯಲ್ಲೇ ಒಲೆ ಹೂಡಿಕೊಂಡಿದ್ದರು. ಅಲ್ಲಿಯವರೆಗೆ ಯಾರ ಮನೆಯ ಮದುವೆಗೂ ಅವರನ್ನು ಕರೆದದ್ದು ನನಗೆ ನೆನಪಿಲ್ಲ. ಹಬ್ಬಕ್ಕೆ ನಾವೂ ಕರೆದಿರಲಿಲ್ಲ.

ನಾವು ಎ ಎಸ್ ಡಿ ಎಫ್ ಎಂದು ಕುಟ್ಟುತ್ತಿರುವಾಗ ಅವರು ಬೆನ್ನ ಹಿಂದೆ ಓಡಾಡುತ್ತಾ ಏನೋ ಗುನುಗುತ್ತಿದ್ದರು. ತಲೆಬುಡವಿಲ್ಲದ ಹಾಡು. ಎರಡು ಸಾಲು ಬರುವುದು, ನಿಂತುಹೋಗುವುದು. ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವವರ ಹಾಗೆ ಮಿಸ್ ಸುಮ್ಮನೆ ನಿಲ್ಲುವರು, ಆಮೇಲೆ ಇನ್ನೆಲ್ಲಿಂದಲೋ ಮತ್ತೆ ಎತ್ತಿಕೊಳ್ಳುವರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಂದು ದಿನ ಬಂದ್ ಆಗಿ ಬಸ್ಸುಗಳು ಓಡದೆ ನಾನೊಬ್ಬಳೇ ಬಂದಿದ್ದೆ. ಧೈರ್ಯ ಮಾಡಿ ಕೇಳಿದೆ.

"ಮಿಸ್, ಆ ಹಾಡು ಯಾಕೆ ಮಧ್ಯೆಮಧ್ಯೆ ನಿಂತೋಗುತ್ತೆ?"

ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ನಿಲ್ಲಲ್ಲ ಕಣ್ಣು. ಅಲ್ಲಿ ನಮ್ಮಕ್ಕ ಹಾಡ್ತಾಳೆ."

ಆ ದಿನ ಟೈಪಿಂಗ್ ನಡೆಯಲಿಲ್ಲ. ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ. ಅರವತ್ತರ ದಶಕದಲ್ಲಿ ಗಣಿಯ ಊರಿನ ಕ್ಲಬ್ಬಿನಲ್ಲಿ ಅವರು ಮೂವರು ಹಾಡುತ್ತಿದ್ದರಂತೆ. ಮಿಸ್, ಅವರ ಅಕ್ಕ, ಪಕ್ಕದ ಮನೆಯ ಗೆಳತಿ. ಆಗಿನ ಅಮೆರಿಕದ ಹುಡುಗಿಯರ ಹಾಡುಗಳನ್ನು ರೆಕಾರ್ಡು ಹಾಕಿ ಹಾಕಿ ಕಲಿತು, ಮೂವರೂ ಒಂದೇ ಬಣ್ಣದ ಸ್ಕರ್ಟು ಹಾಕಿಕೊಂಡು, ಒಂದೇ ತಾಳಕ್ಕೆ ಚಿಟಿಕೆ ಹೊಡೆಯುತ್ತಾ ನಿಲ್ಲುತ್ತಿದ್ದರು. ಆಮೇಲೆ ತಾವೇ ಒಂದು ಹಾಡು ಕಟ್ಟಿದರು. ಸಂಜೆಯ ರೈಲಿಗೆ ಕಾಯುವ ಹುಡುಗಿಯ ಹಾಡು. ರೈಲು ಬರುತ್ತದೆ, ಇಳಿಯಬೇಕಾದವನು ಇಳಿಯುವುದಿಲ್ಲ. ಅಷ್ಟೇ ಕಥೆ. ಅಕ್ಕನದು ಮೇಲಿನ ದನಿ, ಗೆಳತಿಯದು ಕೆಳಗಿನದು, ಮಿಸ್ಸಿನದು ನಡುವಿನದು. ಗೆಳತಿ ಹೆರಿಗೆಯಲ್ಲಿ ತೀರಿಹೋದಳು. ಅಕ್ಕ ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದಳು. ನಡುವಿನ ದನಿ ಇಲ್ಲಿ ಉಳಿಯಿತು... ಒಂದೇ ದನಿಯಲ್ಲಿ ಅದು ಹಾಡಿನ ಹಾಗೆ ಕೇಳಿಸುತ್ತಿರಲಿಲ್ಲ, ಅದಕ್ಕೇ ನಾವು ನಗುತ್ತಿದ್ದದ್ದು.

ಅಕ್ಕ ಆ ವರ್ಷ ಕ್ರಿಸ್‌ಮಸ್ಸಿಗೆ ಬರುವವರಿದ್ದರು. ಹದಿನೈದು ವರ್ಷದ ಮೇಲೆ. ಕೃಷ್ಣಗಿರಿಯಲ್ಲಿ ಅವರ ಚಿಕ್ಕಪ್ಪನ ಮನೆ ಇತ್ತು. ಅಲ್ಲಿನ ಚರ್ಚಿನ ಹಾಲ್‌ನಲ್ಲಿ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಹಾಡು, ನಾಟಕ ನಡೆಯುವುದಿತ್ತು. ಅಕ್ಕ ಆ ಹಾಡನ್ನು ಸಾವಿರ ಸಲ ಹಾಡಿದ್ದಾಳೆ, ಒಂದು ಸಲವೂ ಎದುರು ಕೂತು ಕೇಳಿಲ್ಲ ಎಂದರು ಮಿಸ್. ಕೇಳಿಸಬೇಕು. ಅದಕ್ಕೆ ಇನ್ನೆರಡು ದನಿ ಬೇಕು.

ಮೇಲಿನ ದನಿಗೆ ನನ್ನನ್ನು ಆರಿಸಿದರು. ಕೆಳಗಿನದಕ್ಕೆ ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದ ತೆಲುಗಿನ ಹುಡುಗಿಯನ್ನು. ಹೊಸೂರಿನವಳೇ, ನನಗೆ ಅಲ್ಲಿ ಇದ್ದ ಒಬ್ಬಳೇ ಗೆಳತಿ. ಇಂಗ್ಲಿಷಿನ ಸಾಲುಗಳನ್ನು ನಾನು ಕನ್ನಡದಲ್ಲಿ ಬರೆದುಕೊಂಡೆ, ಅವಳು ತೆಲುಗಿನಲ್ಲಿ ಬರೆದುಕೊಂಡಳು. ಸೋಬಾನೆ ಪದ, ಭಜನೆ ಬಿಟ್ಟು ಬೇರೇನೂ ಹಾಡಿ ಗೊತ್ತಿರದ ಗಂಟಲು ನನ್ನದು. ಎಲ್ಲರೂ ಒಂದೇ ರಾಗ ಹಾಡುವುದೇ ಹಾಡು ಎಂದು ತಿಳಿದಿದ್ದವಳಿಗೆ, ಪಕ್ಕದವಳು ಬೇರೆ ರಾಗದಲ್ಲಿ ಹೋಗುತ್ತಿರುವಾಗ ನನ್ನ ದಾರಿ ಹಿಡಿದು ನಡೆಯುವುದನ್ನು ಕಲಿಯಲು ತಿಂಗಳು ಬೇಕಾಯಿತು.

ಸಾಯಂಕಾಲದ ಬ್ಯಾಚು ಟೈಪು ಮಾಡುತ್ತಿರುವಾಗಲೇ ಅಭ್ಯಾಸ. ಗಲಾಟೆಯಲ್ಲಿ ಕೇಳಿಸುವುದಿಲ್ಲ, ಎಲ್ಲರೂ ಹೋದ ಮೇಲೆ ಹಾಡೋಣ ಎಂದು ನಾನು ಹೇಳಿದೆ. ಮಿಸ್ ಒಪ್ಪಲಿಲ್ಲ. ಗಣಿಯ ಊರಿನಲ್ಲಿ ಅದಿರು ಕುಟ್ಟಿ ಪುಡಿ ಮಾಡುವ ಯಂತ್ರ ಹಗಲೂ ರಾತ್ರಿ ನಿಲ್ಲುತ್ತಿರಲಿಲ್ಲವಂತೆ. ಆ ಸದ್ದಿನೊಳಗೇ ಅವರು ಹಾಡು ಕಟ್ಟಿದ್ದು.

"ಇದು ಗಲಾಟೇಲಿ ಹುಟ್ಟಿದ ಹಾಡು ಕಣ್ಣು. ಸುತ್ತ ಸದ್ದಿದ್ರೆ ಧೈರ್ಯವಾಗಿರುತ್ತೆ. ಸುಮ್ನಿರೋ ಕಡೆ ಹಾಡಿದ್ರೆ ಅಳು ಬರುತ್ತೆ."

ಹಾಗೆ, ಎಂಟು ಮೆಷಿನ್ನುಗಳ ಸದ್ದಿನ ನಡುವೆ ನಾವು ಮೂವರು ಕಿಟಕಿಯ ಹತ್ತಿರ ನಿಂತು ಹಾಡುತ್ತಿದ್ದೆವು. ಒಂದು ಸಂಜೆ ಮೂರೂ ದನಿ ಸರಿಯಾಗಿ ಕೂಡಿದವು. ನಾಲ್ಕನೆಯ ಯಾರೋ ನಮ್ಮ ನಡುವೆ ಹಾಡುತ್ತಿದ್ದಾರೆ ಅನ್ನಿಸಿತು. ಮಿಸ್ ಹಾಡು ಮುಗಿದ ಮೇಲೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಟೈಪು ಮಾಡುತ್ತಿದ್ದ ಹುಡುಗಿಯರು ಯಾವಾಗಲೋ ಕೈ ನಿಲ್ಲಿಸಿದ್ದರು. ಆಮೇಲೆ ಆ ಹಾಡಿಗೆ ಹುಡುಗಿಯರು ನಗಲಿಲ್ಲ.

ಮಿಸ್ ಆಕಾಶದ ಬಣ್ಣದ ಬಟ್ಟೆ ತಂದು ತಾವೇ ಮೂರು ಉದ್ದ ಸ್ಕರ್ಟು ಹೊಲಿದರು. ನನ್ನದನ್ನು ಮನೆಗೆ ಒಯ್ಯಲು ನಾಚಿಕೆಯಾಗಿ ಅವರಲ್ಲೇ ಬಿಟ್ಟಿದ್ದೆ. ಅಣ್ಣನಿಗೆ ಈ ವಿಷಯ ಅರ್ಧ ಗೊತ್ತಿತ್ತು, ಅಪ್ಪನಿಗೆ ಗೊತ್ತೇ ಇರಲಿಲ್ಲ.

ಹಾಡಬೇಕಿದ್ದ ಶನಿವಾರ ಹನ್ನೆರಡು ಗಂಟೆಯ ಬಸ್ಸಿಗೆ ಮೂವರೂ ಕೃಷ್ಣಗಿರಿಗೆ ಹೋಗಬೇಕಿತ್ತು. ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿರುವಾಗ ಅಪ್ಪ ಬೇರಿಕೆಯಿಂದ ಬಂದಿಳಿದರು. ರಾಯಕೋಟೆಯ ಗಂಡಿನ ಕಡೆಯವರು ಮಧ್ಯಾಹ್ನ ಹೆಣ್ಣು ನೋಡಲು ಬರುತ್ತಾರೆ ಎಂದರು. ಆ ಹುಡುಗನ ಫೋಟೋವನ್ನು ಅತ್ತಿಗೆ ಹದಿನೈದು ದಿನದ ಹಿಂದೆಯೇ ತೋರಿಸಿದ್ದರು. ನನಗೆ ಇಷ್ಟವಾಗಿತ್ತು.

ಅತ್ತಿಗೆ ನನ್ನ ಮುಖದಲ್ಲಿ ಏನು ಕಂಡರೋ. ಪಕ್ಕಕ್ಕೆ ಕರೆದು ಕೇಳಿದರು. "ಇವತ್ತು ನಿಂಗೆ ಎಲ್ಲಾದ್ರೂ ಓಗೋದೈತೇನಮ್ಮಿ? ಇದ್ರೆ ಯೋಳು. ನಾಳೆ ಬರಾಕೆ ಯೋಳಿ ಕಳಿಸ್ತಾರೆ ನಿಮ್ಮಣ್ಣ."

"ಇಲ್ಲ ಅತ್ಗೆ" ಅಂದೆ.

ಇಷ್ಟು ವರ್ಷ ಈ ಕಥೆಯನ್ನು ನಾನು ಇಬ್ಬರಿಗೋ ಮೂವರಿಗೋ ಹೇಳಿದ್ದೇನೆ. ಹೇಳುವಾಗಲೆಲ್ಲ ಮನೆಯವರು ಬಿಡಲಿಲ್ಲ ಎಂದೇ ಹೇಳಿದ್ದೇನೆ. ಬಿಡುತ್ತಿದ್ದರು. ನಾನು ಕೇಳಲಿಲ್ಲ. ಗಂಡಿನವರ ಕಿವಿಗೆ ಬೀಳಬಹುದು, ಸ್ಕರ್ಟು ಹಾಕಿಕೊಂಡು ಚರ್ಚಿನಲ್ಲಿ ಇಂಗ್ಲಿಷ್ ಹಾಡು ಹೇಳುವ ಹುಡುಗಿ ಎಂದಾರು ಎಂಬ ಭಯ. ಹೇಳಿ ಕಳಿಸಬಹುದಿತ್ತು, ಟೈಪಿಂಗ್ ಶಾಲೆ ಹತ್ತು ನಿಮಿಷದ ದಾರಿ. ಅದನ್ನೂ ಮಾಡಲಿಲ್ಲ. ಹನ್ನೆರಡು ಗಂಟೆಗೆ ನಾನು ಕನ್ನಡಿಯ ಮುಂದೆ ಕೂತಿದ್ದೆ, ಅತ್ತಿಗೆ ಹೂ ಮುಡಿಸುತ್ತಿದ್ದರು.

ಆಮೇಲಿನದನ್ನು ಗೆಳತಿ ಹೇಳಿದಳು. ಎರಡು ಬಸ್ಸು ಬಿಟ್ಟು ನನಗಾಗಿ ಕಾದರಂತೆ. ಮೂರನೆಯದಕ್ಕೆ ಹತ್ತಿದರು. ಹಾಲ್‌ನಲ್ಲಿ ಜನ ತುಂಬಿದ್ದರು, ಮುಂದಿನ ಸಾಲಿನಲ್ಲಿ ಅಕ್ಕ ಕೂತಿದ್ದರು. ಸರದಿ ಬಂದಾಗ ನಾನಿಲ್ಲದೆ ವೇದಿಕೆ ಹತ್ತಲು ಗೆಳತಿಗೆ ಕಾಲೇ ಬರಲಿಲ್ಲ, ಅಳುತ್ತಾ ನಿಂತುಬಿಟ್ಟಳು. ಮಿಸ್ ಅವಳ ಬೆನ್ನು ತಟ್ಟಿ, ತಾವೊಬ್ಬರೇ ಹೋಗಿ ಮೈಕಿನ ಮುಂದೆ ನಿಂತರು. ಆಕಾಶದ ಬಣ್ಣದ ಸ್ಕರ್ಟು, ಚಿಟಿಕೆ ಹೊಡೆಯುವ ಕೈ. ಹಾಡಿದ್ದು ನಡುವಿನ ದನಿಯನ್ನೇ. ಮೇಲಿನ ದನಿ ಬರಬೇಕಾದ ಕಡೆ ನಿಲ್ಲಿಸಿದರು. ಕೆಳಗಿನದು ಬರಬೇಕಾದ ಕಡೆಯೂ ನಿಲ್ಲಿಸಿದರು. ಚಿಟಿಕೆ ಮಾತ್ರ ನಿಲ್ಲಲಿಲ್ಲ. ಸಾಲು ಮರೆತಿದ್ದಾರೆ ಎಂದುಕೊಂಡು ಮಕ್ಕಳು ಕಿಸಕ್ಕೆಂದವು, ದೊಡ್ಡವರು ಗದರಿಸಿದರು, ಆಮೇಲೆ ಅವರಲ್ಲೂ ಕೆಲವರು ನಕ್ಕರು. ಮೈಕು ಒಂದೆರಡು ಸಲ ಕಿರುಚಿತು. ಮಿಸ್ ಪೂರ್ತಿ ಹಾಡಿ ಮುಗಿಸಿಯೇ ಇಳಿದರು.

ಅಕ್ಕ ನಗಲಿಲ್ಲವಂತೆ. ಮಿಸ್ ನಿಲ್ಲಿಸಿದಾಗಲೆಲ್ಲ ಅವರ ತುಟಿ ಅಲ್ಲಾಡುತ್ತಿತ್ತಂತೆ. ದನಿ ಮಾತ್ರ ಬರಲಿಲ್ಲ.

ನಾನು ಮಿಸ್ ಮುಂದೆ ಹೋದದ್ದು ಒಂದು ವಾರ ಬಿಟ್ಟು. ಮದುವೆ ಗೊತ್ತಾಗಿತ್ತು. ಅಕ್ಕ ಆಗಲೇ ಹೊರಟು ಹೋಗಿದ್ದರು. ಮಿಸ್ ಮೆಷಿನ್ನಿಗೆ ರಿಬ್ಬನ್ ಹಾಕುತ್ತಿದ್ದರು, ಕೈಯೆಲ್ಲ ಮಸಿ. ನಾನು ಬಾಗಿಲಲ್ಲೇ ನಿಂತು, ಮನೆಯಲ್ಲಿ ಬಿಡಲಿಲ್ಲ ಎಂದೆ. ಆ ಸುಳ್ಳನ್ನು ಮೊದಲು ಹೇಳಿದ್ದು ಅವರಿಗೇ.

ಅವರು ತಲೆ ಎತ್ತಲಿಲ್ಲ. "ಪರವಾಗಿಲ್ಲ ಕಣ್ಣು. ನಿನ್ನ ಜಾಗ ಬಿಟ್ಟೇ ಹಾಡಿದೆ" ಅಂದರು.

ಬೈದಿದ್ದರೆ ಅತ್ತುಬಿಡುತ್ತಿದ್ದೆ. ಬೈಯಲಿಲ್ಲ. ಕೂತು ಟೈಪು ಮಾಡು, ಪರೀಕ್ಷೆ ಹತ್ತಿರ ಬಂತು ಎಂದರು. ಪರೀಕ್ಷೆಯವರೆಗೂ ದಿನಾ ಬೆನ್ನ ಹಿಂದೆ ನಿಂತು ನನ್ನ ಬೆರಳು ತಿದ್ದಿದರು. ಆದರೆ ಆಮೇಲೆ ಅವರು ಗುನುಗಿದ್ದನ್ನು ನಾನು ಕೇಳಲಿಲ್ಲ. ಎಂಟು ಮೆಷಿನ್ ಸದ್ದು ಮಾಡುತ್ತಿದ್ದರೂ ಆ ಕೋಣೆ ಭಣಭಣ ಅನ್ನುತ್ತಿತ್ತು. ಮದುವೆಗೆ ಕರೆದೆ. ಬರಲಿಲ್ಲ.

ಅವರು ಕಲಿಸಿದ ಟೈಪಿಂಗ್ ನನಗೆ ಮೂವತ್ತು ವರ್ಷ ಅನ್ನ ಹಾಕಿತು. ರಾಯಕೋಟೆಯಲ್ಲಿ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಮದುವೆಯಾಗಿ ಐದಾರು ವರ್ಷದ ಮೇಲೆ ಮಗಳ ಕಣ್ಣು ತೋರಿಸಲು ಹೊಸೂರಿಗೆ ಹೋದಾಗ ಆ ಮೆಟ್ಟಿಲು ಹತ್ತಿದೆ. ಈ ಸಲ ನಿಜ ಹೇಳಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೇಲೆ ದರ್ಜಿಯೊಬ್ಬ ಅಂಗಡಿ ಇಟ್ಟಿದ್ದ. ಗೌನಮ್ಮ ಮೆಷಿನ್ ಎಲ್ಲಾ ಮಾರಿ ಬೆಂಗಳೂರಿಗೆ ಹೋದರು, ಅಲ್ಲಿ ಯಾವುದೋ ಆಶ್ರಮ ಸೇರಿಕೊಂಡರಂತೆ ಎಂದ. ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲ. ಮುಂದೆ ಎರಡು ವರ್ಷಕ್ಕೆ ಗೆಳತಿಯ ಕಾಗದ ಬಂತು. ಮಿಸ್ ಹೋಗಿಬಿಟ್ಟರು, ಮಣ್ಣು ಮಾಡಿದ ಮೇಲೆ ತಿಳಿಯಿತು ಎಂದು ಬರೆದಿದ್ದಳು. ಆ ಗೆಳತಿಯೂ ಹೋದ ವರ್ಷ ತೀರಿಕೊಂಡಳು.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಮನೆಯವರು ಬಿಡಲಿಲ್ಲ ಎಂದು ಈ ಸಲ ಹೇಳಲಿಲ್ಲ. ಅವಳು ಪೂರ್ತಿ ಕೇಳಿ, ಎದ್ದು ಹೋಗಿ ಫೋನು ತಂದಳು. ಆಮೇಲೆ ಆ ಹಾಡು ಹಾಡು ಅಜ್ಜಿ, ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ, ಆಸ್ಟ್ರೇಲಿಯಾದಲ್ಲಿ ಅವರ ಕಡೆಯವರು ಯಾರಾದರೂ ಇದ್ದರೆ ಹುಡುಕೋಣ ಎಂದಳು. ಫೋನು ನನ್ನ ಮುಂದೆ ಇಟ್ಟಳು. ಬೀದಿಯಲ್ಲಿ ಒಂದು ಗಾಡಿಯೂ ಓಡಾಡುತ್ತಿರಲಿಲ್ಲ, ಮನೆ ನಿಶ್ಶಬ್ದವಾಗಿತ್ತು. ನನಗೆ ಪ್ರತಿಯೊಂದು ಸಾಲೂ ನೆನಪಿದೆ. ಬಾಯಿ ತೆರೆದೆ...

ಒಬ್ಬರೇ ನಿಂತು ಹಾಡುವುದು ಮಿಸ್‌ಗೆ ಆಗುತ್ತಿತ್ತು. ನನಗೆ ಆಗಲಿಲ್ಲ. ಮೊಮ್ಮಗಳು ಸ್ವಲ್ಪ ಹೊತ್ತು ಕಾದು, ಇನ್ನೊಂದು ದಿನ ಹಾಡುವೆಯಂತೆ ಬಿಡು ಎಂದು ಫೋನು ತೆಗೆದುಕೊಂಡು ಒಳಗೆ ಹೋದಳು.