ಸುಬ್ಬಣ್ಣನವರ ಮನೆಗೆ ಎಷ್ಟು ಬೋರಿನ ಕೋವಿ?

ಮೆಲ್ಬರ್ನಿನ ಉತ್ತರಕ್ಕೆ, ಕ್ರೇಗಿಬರ್ನ್ ದಾಟಿ ಸ್ವಲ್ಪ ದೂರ ಹೋದರೆ ಹೆದ್ದಾರಿಯ ಪಕ್ಕ ಒಂದು ಕೋವಿ ಅಂಗಡಿ ಇದೆ. ಅದರ ಕೌಂಟರಿನ ಹಿಂದೆ ನಿಂತಿರುವವಳು ಮೂಡುಬಿದಿರೆಯ ರೋಶ್ನಿ ಪಿಂಟೊ. ಅಕೌಂಟಿಂಗ್ ಓದಲು ಬಂದವಳು, ವಾರಕ್ಕೆರಡು ದಿನ ಬಿಲ್ ಬರೆಯಲೆಂದು ಅಲ್ಲಿ ಸೇರಿದಳು. ಇಲ್ಲೇ ನೆಲೆಸಲು ಪಿಆರ್ ಸಿಕ್ಕಿದ ಮೇಲೂ ಬಿಡಲಿಲ್ಲ. ಊರಲ್ಲಿ ಅಜ್ಜನ ಹತ್ತಿರ ಹಂದಿ ಓಡಿಸುವ ಒಂಟಿ ನಳಿಗೆಯ ಕೋವಿ ಇತ್ತು. ಅದನ್ನು ಮುಟ್ಟಲು ಹೋದರೆ ಅಜ್ಜಿ ಸೌಟು ಹಿಡಿದುಕೊಂಡು ಬರುತ್ತಿದ್ದಳು. ಇಲ್ಲಿ ದಿನಕ್ಕೆ ಹತ್ತು ಕೋವಿ ಮುಟ್ಟಿದರೂ ಸೌಟಿನ ಭಯವಿಲ್ಲ.

ನಿಜ ಹೇಳಬೇಕೆಂದರೆ ಅವಳಿಗೆ ಕೋವಿಗಿಂತ ಕೊಳ್ಳಲು ಬರುವವರ ಮೇಲೇ ಕುತೂಹಲ. ಯಾರೇ ಬರಲಿ, ಮೂರು ಪ್ರಶ್ನೆ ಕೇಳುತ್ತಾಳೆ: ಯಾವುದಕ್ಕೆ ಹೊಡೆಯುತ್ತೀರಿ, ಎಲ್ಲಿ ನಿಂತು ಹೊಡೆಯುತ್ತೀರಿ, ಅದರ ಹಿಂದೆ ಏನಿರುತ್ತದೆ? ಮೊಲಕ್ಕಾದರೆ ಸಣ್ಣ ಗುಂಡಿನ ಪಾಯಿಂಟ್ ಟ್ವೆಂಟಿಟೂ ಸಾಕು, ಹಾರುವ ಬಾತುಕೋಳಿಗೆ ಅಗಲ ನಳಿಗೆಯ ಹನ್ನೆರಡು ಬೋರ್ ಬೇಕು. ನಮ್ಮವರು ಬಂದರೆ ಮಾತ್ರ ಪ್ರಶ್ನೆ ಅವರದೇ: "ಮನೆಗೆ ಯಾವ್ದು ಒಳ್ಳೇದು?" ಮಿಕ್ಸಿ ಕೊಳ್ಳಲು ಬಂದವರ ಹಾಗೆ. ಅಮೆರಿಕದವರ ವಿಡಿಯೋ ನೋಡಿ ನೋಡಿ ಪಿಸ್ತೂಲಿನ ನೈನ್ ಎಂಎಂ, ಫಾರ್ಟಿಫೈವ್ ಎಲ್ಲ ಬಾಯಿಪಾಠ. ಈ ದೇಶದಲ್ಲಿ ಮನೆ ಕಾಯಲು ಎಂದರೆ ಲೈಸೆನ್ಸೇ ಕೊಡುವುದಿಲ್ಲ ಎಂದು ರೋಶ್ನಿ ಹೇಳಿದ ಕೂಡಲೇ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋಗುತ್ತಾರೆ.

ಸುಬ್ಬಣ್ಣ ಹೊರಡಲಿಲ್ಲ.

ತಿಪಟೂರಿನ ಸುಬ್ಬಣ್ಣ ಬಸ್ ಡಿಪೋದಲ್ಲಿ ಸೂಪರ್‌ವೈಸರ್. ರೋಶ್ನಿ ಈ ದೇಶಕ್ಕೆ ಬಂದಿಳಿದಾಗ ರೂಮು ಕೊಡುತ್ತೇನೆಂದವನು ಕೈಕೊಟ್ಟಿದ್ದ. ಆಗ ಅವಳನ್ನು ನಾಲ್ಕು ತಿಂಗಳು ಮನೆಯಲ್ಲಿಟ್ಟುಕೊಂಡು, ಮುದ್ದೆ ನುಂಗುವುದನ್ನು ಕಲಿಸಿದವರು ಸುಬ್ಬಣ್ಣ ಮತ್ತು ಅವರ ಹೆಂಡತಿ ಕಾಳಮ್ಮ. ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ.

ಹೋದ ತಿಂಗಳು ಹಾಡಹಗಲೇ ಅವರ ಮನೆಯ ಹಿಂಬಾಗಿಲಿನ ಗಾಜು ಒಡೆದು ಕಳ್ಳರು ನುಗ್ಗಿದ್ದರು. ಕೀ ಎತ್ತಿಕೊಂಡು ಕಾರು ಹೊಡೆದುಕೊಂಡು ಹೋದರು. ಸ್ನಾನ ಮುಗಿಸಿ ಬಂದ ಕಾಳಮ್ಮ ಕಂಡದ್ದು ನಡುಮನೆಯಲ್ಲಿ ಕೆಸರು ಬೂಟಿನ ಗುರುತು ಮಾತ್ರ. ಅವಳು ಎರಡು ದಿನ ಬೈದು ಸುಮ್ಮನಾದಳು. ಸುಬ್ಬಣ್ಣನವರಿಗೆ ಮಾತ್ರ ಆ ಬೂಟಿನ ಗುರುತು ಮನಸ್ಸಿನಿಂದ ಅಳಿಸಿಹೋಗಲಿಲ್ಲ. ಬಚ್ಚಲ ಬಾಗಿಲು ಹತ್ತೇ ಹೆಜ್ಜೆ ದೂರವಿತ್ತಲ್ಲ ಎಂದು ಡಿಪೋದಲ್ಲಿ ಕೂತರೂ ಎದೆ ಹೊಡೆದುಕೊಳ್ಳುತ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಗುವವರು ನಗಲಿ, ಹೆದರಿಕೆ ಹೆದರಿಕೆಯೇ.

"ಲೈಸೆನ್ಸ್ ಫಾರಂನಲ್ಲಿ ಕಾರಣ ಅಂತ ಒಂದು ಕಾಲಂ ಇದೆ," ಎಂದರು ಕೌಂಟರಿಗೆ ಒರಗಿ. "ಏನು ಬರೆದ್ರೆ ಪಾಸಾಗುತ್ತೆ ಅಂತ ನಿಂಗೊತ್ತಿರುತ್ತೆ. ಅಷ್ಟು ಹೇಳ್ಕೊಡಮ್ಮ. ಬೋರ್ ಎಷ್ಟು ಅಂತ ಆಮೇಲೆ ನೋಡೋಣ."

ರೋಶ್ನಿಗೆ ಗೊತ್ತಿತ್ತು. ಮೊಲದ ಬೇಟೆಗೆಂದು ಒಂದೇ ಒಂದು ಸುಳ್ಳು ಸಾಲು. ಅದು ಬಯಲಾದರೆ ಅವಳ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಹೇಳಿಕೊಡುವುದಿಲ್ಲ ಎಂದರೆ ಅನ್ನ ಹಾಕಿದವರ ಮುಖಕ್ಕೇ ಬಾಗಿಲು ಹಾಕಿದಂತೆ. ಸಂಕಟವಾಯಿತು. ಏನೂ ತೋಚದೆ ತನ್ನ ಹಳೆಯ ಕುತೂಹಲದ ಹಿಂದೆಯೇ ಅಡಗಿದಳು. "ಜಾಗ ನೋಡದೆ ಬೋರ್ ಹೇಳ್ಲಿಕ್ಕೆ ಆಗುದಿಲ್ಲ ಅಂಕಲ್. ಭಾನುವಾರ ಮನೆಗೆ ಬರ್ತೇನೆ."

ಭಾನುವಾರ ಕಾಳಮ್ಮ ವೃದ್ಧಾಶ್ರಮದ ಅಡುಗೆಮನೆಯ ಕೆಲಸಕ್ಕೆ ಹೋಗಿದ್ದಳು, ಬರುವುದು ಮೂರಕ್ಕೆ. ಅವಳಿಗೆ ಈ ವಿಷಯ ತಿಳಿಯದು. ರೋಶ್ನಿ ಮುಂಬಾಗಿಲಿಂದ ಹಿಂಬಾಗಿಲವರೆಗೆ ನಡೆದು ಹೆಜ್ಜೆ ಎಣಿಸಿದಳು. ನಡುಮನೆಯ ಗೋಡೆ ತಟ್ಟಿದಳು. ಟೊಳ್ಳು ಸದ್ದು ಬಂತು.

"ಇದು ಬರೀ ಹಲಗೆ ಅಂಕಲ್. ಯಾವ ಬೋರಾದ್ರೂ ತೂರಿಕೊಂಡು ಹೋಗ್ತದೆ. ಆಚೆಗೆ ಎಂತ ಉಂಟು?"

"ಅಡುಗೆಮನೆ."

"ಮತ್ತೆ ಕೋವಿ ಕಬ್ಬಿಣದ ಪೆಟ್ಟಿಗೆಯಲ್ಲಿ, ಗುಂಡು ಬೇರೆ ಪೆಟ್ಟಿಗೆಯಲ್ಲಿ, ಎರಡಕ್ಕೂ ಬೀಗ. ಇಲ್ಲಿಯ ಕಾನೂನು. ನೀವು ಎರಡೂ ಬೀಗ ತೆಗೆಯುವಾಗ ಕಳ್ಳ ಕಾಫಿ ಮಾಡಿ ಕುಡಿದು ಲೋಟವನ್ನೂ ತೊಳೆದಿಡ್ತಾನೆ."

"ನಾನು ಬೇಗ ತೆಗೀತೀನಿ ಬಿಡು."

"ಆಯ್ತು, ತೆಗೆದಿರಿ ಅಂತಲೇ ಇಟ್ಕೊಳ್ವ. ಈಗ ಹೊಡೆದು ತೋರಿಸಿ."

ಬಾಗಿಲ ಹಿಂದೆ ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ಉದ್ದ ಛತ್ರಿ ಇತ್ತು. ಸುಬ್ಬಣ್ಣ ಅದನ್ನೇ ಕೋವಿಯಾಗಿ ಹಿಡಿದು ಮಲಗುವ ಕೋಣೆಯ ಬಾಗಿಲಲ್ಲಿ ನಿಂತರು. ರೋಶ್ನಿ ಕಳ್ಳಿಯಾಗಿ ಹಿತ್ತಲಿಗೆ ಹೋದಳು. "ಬೆರಳು ಬಟನ್ ಮೇಲೆ ಇರ್ಲಿ, ಅಂಕಲ್. ಯಾರು ಅಂತ ಕಾಣುವ ತನಕ ಒತ್ಬೇಡಿ."

ಮೊದಲ ಸಲ ಅವಳು ಒಳಬಂದಾಗ ಸುಬ್ಬಣ್ಣ "ಠೋ" ಎಂದು ಮಕ್ಕಳಂತೆ ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು ನೋಡಿ ಅವಳಿಗೂ ಖುಷಿಯಾಯಿತು. ಎರಡನೆಯ ಸಲಕ್ಕೆಂದು ಮತ್ತೆ ಹಿತ್ತಲಿಗೆ ಹೋದಳು. ಹೊಸ ಗಾಜಿನ ಬಾಗಿಲಿನಿಂದ ನಡುಮನೆ ಪೂರಾ ಕಾಣುತ್ತಿತ್ತು. ಜಿಟಿಜಿಟಿ ಮಳೆ ಶುರುವಾಗಿತ್ತು.

ಅಷ್ಟರಲ್ಲಿ ಮುಂಬಾಗಿಲು ತೆರೆಯಿತು. ಕಪ್ಪು ಜಾಕೆಟ್, ಮುಖದ ತನಕ ಇಳಿದ ಟೋಪಿ, ತಗ್ಗಿಸಿದ ತಲೆ. ಹಿಂಬಾಗಿಲನ್ನೇ ನೋಡುತ್ತಿದ್ದ ಸುಬ್ಬಣ್ಣ ಗಕ್ಕನೆ ತಿರುಗಿದರು. ಛತ್ರಿ ಫಟ್ಟೆಂದು ಬಿಚ್ಚಿಕೊಂಡಿತು.

"ಮನೆ ಒಳಗೆ ಯಾಕ್ರೀ ಛತ್ರಿ ಬಿಚ್ಚಿದ್ರಿ?" ಛತ್ರಿಯ ಆಚೆಯಿಂದ ಕಾಳಮ್ಮನ ದನಿ. ಕೆಲಸ ಬೇಗ ಮುಗಿದಿತ್ತು. ಮಳೆಯೆಂದು, ಸಿಡ್ನಿಯಲ್ಲಿ ಓದುವ ಮಗಳು ಅನಘಾ ಬಿಟ್ಟುಹೋದ ಜಾಕೆಟ್ ಹಾಕಿಕೊಂಡಿದ್ದಳು.

ರೋಶ್ನಿ ಒಳಗೆ ಬಂದಳು. ನಗು ಬರಬೇಕಿತ್ತು, ಬರಲಿಲ್ಲ. ಸುಬ್ಬಣ್ಣ ಛತ್ರಿಯ ಬಟನ್ನನ್ನೇ ನೋಡುತ್ತಿದ್ದರು.

"ಒತ್ತಿಬಿಟ್ನಾ?" ಎಂದರು.

"ಒತ್ತಿದ್ರಿ ಅಂಕಲ್."

"ಮುಖ ನೋಡಿದ್ನಾ?"

"ಇಲ್ಲ."

ಅವರು ಜೇಬಿನಿಂದ ಫಾರಂ ತೆಗೆದು ರೋಶ್ನಿಯ ಕೈಗಿಟ್ಟರು. ಕಾರಣದ ಕಾಲಂ ಖಾಲಿಯಾಗಿಯೇ ಇತ್ತು. ಏನೂ ಅರಿಯದ ಕಾಳಮ್ಮ, ಇವರಿಬ್ಬರಿಗೂ ಏನೋ ಹಿಡಿದಿದೆ ಎಂದು ಗೊಣಗುತ್ತ ಛತ್ರಿ ಮಡಚಿಟ್ಟು ಕಾಫಿ ಮಾಡಲು ಅಡುಗೆಮನೆಗೆ ಹೋದಳು. ಸುಬ್ಬಣ್ಣ ನಡುಮನೆಯಲ್ಲೇ ನಿಂತು, ಪಾತ್ರೆಯ ಸದ್ದು ಬರುತ್ತಿದ್ದ ಕಡೆಯ ಗೋಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದರು.

"ಯಾರದು?" ಎಂದಳು ಕಾಳಮ್ಮ ಆಚೆಯಿಂದ.